ಗಡಿಗುಡ್ಡದ ಕಾಡಾಡು ನೋಡಲು ಹೋದದ್ದು

ಮುಂಡರಗಿ

ನಾನು ಹುಟ್ಟಿದ್ದು ಬೆಟಗೇರಿಯಲ್ಲಿ, ಅರಳೆ ಹಿಂಜಿ ಗಾದಿ ಹೊಲಿಯುವವರ ಮನೆಯಲ್ಲಿ. ನರ್ಸ್ ಕೆಲಸ ಸಿಕ್ಕು ಮುಂಡರಗಿಯ ಸರಕಾರಿ ದವಾಖಾನೆಗೆ ಬಂದೆ, ಇಲ್ಲಿಯೇ ಉಳಿದೆ. ಗಿರಿಜಕ್ಕ ಲಕ್ಷ್ಮೇಶ್ವರದ ವ್ಯಾಪಾರಸ್ಥರ ಮಗಳು. ಮುಂಡರಗಿಯ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತರಾದವರು, ನನ್ನ ಮಗಳಿಗೂ ಅವರೇ ಕಲಿಸಿದ್ದು. ಒಂದು ದಿನ ಬಿ.ಪಿ. ತೋರಿಸಲು ಬಂದಾಗ, ಗುಳಿಗೆಯ ಜತೆ ದಿನಾ ಒಂದಿಷ್ಟು ನಡೆಯಿರಿ ಎಂದು ಹೇಳಿದೆ. ಒಬ್ಬಾಕಿ ಎಲ್ಲಿ ನಡೆಯಲಿ, ನೀನೂ ಬಾ ಎಂದರು. ಊರ ರಸ್ತೆಯಲ್ಲಿ ಶುರುವಾದ ನಡಿಗೆ ಬರಬರುತ್ತ ಕಪ್ಪತಗುಡ್ಡಕ್ಕೆ ಏರಿತು. ರವಿವಾರ ಬಂತೆಂದರೆ ಬುತ್ತಿ ಕಟ್ಟಿಕೊಂಡು ನಾವಿಬ್ಬರೂ ಗುಡ್ಡದಲ್ಲಿ.

ಅಂಥ ಒಂದು ರವಿವಾರ ಡೋಣಿಯ ಬದಿಯಿಂದ ಹತ್ತುವಾಗ ತೋಳವೊಂದು ನಮ್ಮ ಮುಂದೆಯೇ ದಾರಿ ದಾಟಿತು. ನಿಂತು ನಮ್ಮನ್ನು ನೋಡಿ, ಅವಸರವಿಲ್ಲದೆ ಹುಲ್ಲಿನಲ್ಲಿ ಇಳಿದುಹೋಯಿತು. ಗಿರಿಜಕ್ಕ ಅಲ್ಲೇ ಕಲ್ಲಿನ ಮೇಲೆ ಕುಳಿತುಬಿಟ್ಟರು. ಇಷ್ಟು ವರ್ಷ ಕರಿಹಲಗೆಯ ಮೇಲೆ ಎಷ್ಟೆಲ್ಲ ಪ್ರಾಣಿ ಬರೆದೆ, ಕಣ್ಣಾರೆ ಕಂಡದ್ದು ಎಷ್ಟು ಕಡಿಮೆ ಎಂದರು. ಅವರಿಗೆ ಬರೆಯಲು ಎಲ್ಲಕ್ಕಿಂತ ಇಷ್ಟವಾದದ್ದು ಹಿಮದ ಬೆಟ್ಟದ ಕಾಡಾಡು. ಬೆನ್ನಿನ ತನಕ ಬಾಗಿದ ಗಂಟುಗಂಟಿನ ಕೊಂಬು, ಗೋಡೆಯಂಥ ಬಂಡೆಯ ಮೇಲೆ ನಾಲ್ಕೂ ಗೊರಸು ಊರಿ ನಿಲ್ಲುವ ಪ್ರಾಣಿ.

"ಅದನ್ನ ಅದರ ಗುಡ್ಡದಾಗ ನೋಡಬೇಕು, ರಜಿಯಾ. ಝೂದಾಗ ಅಲ್ಲ" ಎಂದರು.

ನಾನು ನಕ್ಕುಬಿಟ್ಟೆ. ಅವರು ಬಿಡಲಿಲ್ಲ. ಅವರ ತಂಗಿಯ ಮಗಳು ಸ್ನೇಹಾ ಕಿರ್ಗಿಸ್ತಾನದಲ್ಲಿ ಡಾಕ್ಟರಕಿ ಓದುತ್ತಾಳೆ. ನಮ್ಮ ಕಡೆಯ ಬಹಳ ಹುಡುಗರು ಹಾಗೆ ಆ ದೇಶಕ್ಕೆ ಹೋಗಿದ್ದಾರೆ. ಅವಳಿಗೆ ಫೋನು ಮಾಡಿ, ನಿಮ್ಮಲ್ಲಿ ಕಾಡಾಡು ಅದಾವೇನು ಎಂದು ಕೇಳಿದರಂತೆ. ಚೀನಾ ಗಡಿಯ ಗುಡ್ಡದಲ್ಲಿ ಇವೆ, ಅಲ್ಲಿಗೆ ಕರೆದೊಯ್ಯುವ ಗೈಡ್‌ಗಳೂ ಇದ್ದಾರೆ ಎಂದಳು ಅವಳು. ಗಿರಿಜಕ್ಕನಿಗೆ ಅಷ್ಟು ಸಾಕಾಯಿತು. ಗುಡ್ಡ ನೋಡಾಕ ಕಪ್ಪತಗುಡ್ಡ ಸಾಲದೇನು ಎಂದು ನನ್ನ ಗಂಡ ಕೇಳಿದರು. ಈ ವಯಸ್ಸಿನಲ್ಲಿ ಬರ್ಫದ ಗುಡ್ಡ ಎಂಥದು ಎಂದು ಗಿರಿಜಕ್ಕನ ತಮ್ಮಂದಿರು ಲಕ್ಷ್ಮೇಶ್ವರದಿಂದ ಬಂದು ಕೂತು ಹೇಳಿಹೋದರು. ಗಿರಿಜಕ್ಕ ಎಲ್ಲರಿಗೂ ಚಹಾ ಕೊಟ್ಟು ಕಳಿಸಿ, ಸಂಜೆ ನನ್ನನ್ನು ಕರೆದು ಪಾಸ್‌ಪೋರ್ಟ್ ಮಾಡಿಸಲು ಯಾವ ದಿನ ರಜೆ ಹಾಕುತ್ತೀ ಎಂದು ಕೇಳಿದರು.

ನರಿನ್

ನರಿನ್ ಎಂಬುದು ಗುಡ್ಡಗಳ ನಡುವೆ ಉದ್ದಕ್ಕೆ ಚಾಚಿಕೊಂಡ ಸಣ್ಣ ಊರು. ಊರ ಹೆಸರಿನದೇ ಹೊಳೆ, ಸುಣ್ಣ ಕಲಕಿದಂಥ ನೀರು. ರಾಜಧಾನಿಯಿಂದ ಇಡೀ ಹಗಲು ಗಾಡಿಯಲ್ಲಿ ಕೂತು ಅಲ್ಲಿಗೆ ಬಂದಾಗ ಸೊಂಟ ನಮ್ಮದೋ ಬೇರೆಯವರದೋ ಎನ್ನುವಂತಾಗಿತ್ತು. ಸ್ನೇಹಾಳಿಗೆ ಪರೀಕ್ಷೆ, ಹೀಗಾಗಿ ಅವಳು ಬರಲಿಲ್ಲ. ನಮ್ಮನ್ನು ಗೈಡ್ ಬಕಿತ್‌ನ ಕೈಗೆ ಫೋನಿನಲ್ಲೇ ಒಪ್ಪಿಸಿದಳು.

ಬಕಿತ್ ನಲವತ್ತರ ಆಸುಪಾಸಿನ ಮನುಷ್ಯ. ಬಿಸಿಲಿಗೆ ಸುಟ್ಟ ಕೆನ್ನೆ, ಕಡಿಮೆ ಮಾತು, ಬೇಕಾದಷ್ಟು ಇಂಗ್ಲಿಷು. ನಮಸ್ಕಾರ ಮಾಡುವ ಮೊದಲೇ ನಮ್ಮ ಬೂಟು ನೋಡಿದ. ಬಗ್ಗಿ ಗಿರಿಜಕ್ಕನ ಬೂಟಿನ ಹಿಮ್ಮಡಿ ಒತ್ತಿದ, ಅಡ್ಡಿಯಿಲ್ಲ ಎಂಬಂತೆ ತಲೆಯಾಡಿಸಿದ. ಆಮೇಲೆ ನಮ್ಮ ಮುಖ ನೋಡಿದ. ಸ್ನೇಹಾ ನಮ್ಮ ವಯಸ್ಸು ಹೇಳಿರಲಿಲ್ಲ ಅಂತ ಕಾಣುತ್ತದೆ. ದಾರಿ ಏರು, ಗಾಳಿ ತೆಳು, ನಿಧಾನ ನಡೆಯಬೇಕು, ನಾನು ವಾಪಸ್ ತಿರುಗಿ ಅಂದರೆ ತಿರುಗಬೇಕು ಎಂದ. ಗಿರಿಜಕ್ಕ ಒಪ್ಪಿದರು. ಆದರೆ ತಿರುಗುವ ಕಾರಣ ಮಾತ್ರ ನನಗೆ ಹೇಳಬೇಕು ಎಂದು ಕರಾರು ಹಾಕಿದರು.

ಯಾವ ಊರಿನವರು ಎಂದು ಅವನು ಕೇಳಿದ್ದಕ್ಕೆ ಗಿರಿಜಕ್ಕ ಗದಗ ಜಿಲ್ಲೆ ಎಂದು, ಮೊದಲು ಅದು ಧಾರವಾಡ ಜಿಲ್ಲೆಯೇ ಆಗಿತ್ತು, ಈಚೆಗೆ ಒಡೆದು ಬೇರೆ ಮಾಡಿದ್ದು ಎಂದು ವಿವರಿಸಿದರು. ನಮ್ಮ ದೇಶವೂ ಹಾಗೆಯೇ, ದೊಡ್ಡದೊಂದು ಒಡೆದು ಆದದ್ದು ಎಂದ ಬಕಿತ್. ಹಾಗಾದರೆ ನಿಮ್ಮ ದೇಶಕ್ಕೂ ನಮ್ಮ ಜಿಲ್ಲೆಗೂ ಹೆಚ್ಚುಕಡಿಮೆ ಒಂದೇ ವಯಸ್ಸು ಎಂದರು ಗಿರಿಜಕ್ಕ. ಅವನು ಮೊದಲ ಸಲ ನಕ್ಕ.

ಕೆರೆಯ ದಂಡೆ

ನರಿನ್ ಬಿಟ್ಟ ಮೇಲೆ ಮರ ಎಂಬುದು ಇಲ್ಲ. ಕಣ್ಣು ಹೋದಷ್ಟು ದೂರ ಹುಲ್ಲು, ಅದರಾಚೆ ಬೆಳ್ಳಗಿನ ಸಾಲು. ಆ ಸಾಲಿನ ಆಚೆ ಚೀನಾ. ನಮ್ಮ ಮುಂಗಾರಿ ಹೊಲಗಳೂ ಹೀಗೆಯೇ ಅಡ್ಡವಿಲ್ಲದೆ ಹರಡಿರುತ್ತವೆ, ಆದರೆ ಅಲ್ಲಿ ಎರೆಮಣ್ಣಿನ ಕಪ್ಪು, ಇಲ್ಲಿ ಕಣ್ಣಿಗೆ ಚುಚ್ಚುವ ಹಸಿರು. ಗಡಿಯ ಚೌಕಿಯಲ್ಲಿ ಸೈನಿಕನೊಬ್ಬ ನಮ್ಮ ಪರವಾನಗಿ ನೋಡಿದ, ನಮ್ಮಿಬ್ಬರನ್ನು ನೋಡಿದ, ಬಕಿತ್‌ನನ್ನು ಪಕ್ಕಕ್ಕೆ ಕರೆದು ಏನೋ ಕೇಳಿದ. ಇವರು ಯಾರ ಅಮ್ಮಂದಿರು, ಇಲ್ಲಿಗೇಕೆ ಕರೆತಂದೆ ಎಂದು ಕೇಳಿದನಂತೆ.

ದಾರಿಯಲ್ಲಿ ಒಂದು ಕೆರೆ ಸಿಕ್ಕಿತು. ಕೆರೆ ಅಂದರೆ ನಮ್ಮ ಕೆರೆಯಲ್ಲ, ಇನ್ನೊಂದು ದಂಡೆ ಕಾಣದಷ್ಟು ದೊಡ್ಡದು. ಗಿರಿಜಕ್ಕ ಗಾಡಿ ನಿಲ್ಲಿಸಿ ಎಂದು ಡ್ರೈವರನ ಹೆಗಲು ತಟ್ಟಿದರು. ನೀರಿನ ಅಂಚಿಗೆ ಹೆಬ್ಬಾತುಗಳು ಮರಿ ಕಟ್ಟಿಕೊಂಡು ನಡೆದಿದ್ದವು. ಬಿಳಿ ತಲೆ, ತಲೆಯ ಹಿಂದೆ ಎರಡು ಕಪ್ಪು ಪಟ್ಟೆ.

ಚಳಿಗಾಲ ಬಂದರೆ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಬರುವ ಪಟ್ಟೆತಲೆಯ ಹೆಬ್ಬಾತು. ಬೆಳಗಾದರೆ ಸುತ್ತಲಿನ ಕಡಲೆ ಹೊಲಕ್ಕೆ ಇಳಿದು ಮೇಯ್ದು ಮತ್ತೆ ನೀರಿಗೆ ಮರಳುವ ಇವನ್ನು ನಾವು ಎಷ್ಟು ಸಲ ನೋಡಿದ್ದೇವೆ. ಆದರೆ ಮರಿಗಳನ್ನು ಒಮ್ಮೆಯೂ ನೋಡಿರಲಿಲ್ಲ. ಮೊಟ್ಟೆಯಿಟ್ಟು ಮರಿ ಮಾಡುವುದು ಇಲ್ಲಿ. ಗಿರಿಜಕ್ಕ ಬಕಿತ್‌ಗೆ ಇದನ್ನೆಲ್ಲ ಹೇಳಿದರು. ಅವನು ಪಕ್ಷಿಗಳ ಕಡೆ ತಿರುಗಿದ. ಚಿಕ್ಕಂದಿನಿಂದ ಇವು ಹಿಂದುಸ್ತಾನಕ್ಕೆ ಹೋಗುತ್ತವೆ ಅಂತ ಕೇಳಿದ್ದೆ, ಅಲ್ಲಿ ಯಾರ ಹೊಲದಲ್ಲಿ ಮೇಯುತ್ತವೆ ಅಂತ ಹೇಳುವವರು ಸಿಕ್ಕಿರಲಿಲ್ಲ ಎಂದ. ಆ ಹೊತ್ತಿನಿಂದ ಅವನು ನಮ್ಮನ್ನು ಮೇಡಂ ಅನ್ನುವುದು ಬಿಟ್ಟು ಆಪಾ ಎನ್ನತೊಡಗಿದ.

ನಮ್ಮ ಮನೆಯ ಉರ್ದು ಮಾತಿನಲ್ಲಿ ಆಪಾ ಅಂದರೆ ಅಕ್ಕ. ಅವರಲ್ಲಿ ತಾಯಿಗೆ, ತಾಯಿ ವಯಸ್ಸಿನವರಿಗೆ ಆಪಾ. ನಾನು ಅಕ್ಕನಾಗಿಯೇ ಇರುತ್ತೇನೆ ಎಂದುಕೊಂಡೆ.

ಗುಲ್ನಾರಾ ಆಪಾನ ಡೇರೆ

ಗಾಡಿ ಹೋಗುವ ದಾರಿ ಮುಗಿದಲ್ಲಿ ಒಂದು ಹೊಳೆ, ಹೊಳೆಯಾಚೆ ಏರಿನಲ್ಲಿ ದುಂಡನೆಯ ಡೇರೆ. ಮರದ ಚೌಕಟ್ಟಿಗೆ ಉಣ್ಣೆಯ ದಪ್ಪ ಕಂಬಳಿ ಹೊದಿಸಿ ಕಟ್ಟಿದ್ದು, ಬೇಸಿಗೆಯಲ್ಲಿ ಕುರಿ ಮೇಯಿಸಲು ಬಂದವರು ಅದರಲ್ಲಿ ಇರುತ್ತಾರೆ. ನಾವು ಅಲ್ಲಿ ಉಳಿದು ಗುಡ್ಡ ಹತ್ತುವುದು ಅಂತ ಗೊತ್ತಾಗಿತ್ತು. ಹೊಳೆಗೆ ಸೇತುವೆ ಇಲ್ಲ. ಕುದುರೆ ಮೇಲೆ ದಾಟಬೇಕು.

ಗಿರಿಜಕ್ಕನಿಗೆ ಕುದುರೆ ಅಂದರೆ ಅಂಜಿಕೆ. ಚಿಕ್ಕವರಿದ್ದಾಗ ಟಾಂಗಾ ಕುದುರೆಯೊಂದು ಅವರ ಜಡೆ ಕಚ್ಚಿ ಎಳೆದಿತ್ತಂತೆ. ಬಕಿತ್ ಎತ್ತಿ ಕೂರಿಸಿದ. ಅವರು ಕಣ್ಣು ಮುಚ್ಚಿ, ಜೀನಿನ ಮುಂದಿನ ಗೂಟ ಎರಡೂ ಕೈಯಿಂದ ಹಿಡಿದು, ನೀರು ದಾಟುವ ತನಕ ಉಸಿರು ಬಿಡಲಿಲ್ಲ. ಇಳಿದ ಮೇಲೆ, ತಿರುಗಿ ಹೋಗುವಾಗ ನಡೆದೇ ದಾಟುತ್ತೇನೆ ಎಂದು ಸ್ಪಷ್ಟವಾಗಿ ಹೇಳಿದರು.

ಡೇರೆಯ ಯಜಮಾನಿ ಗುಲ್ನಾರಾ, ಗಿರಿಜಕ್ಕನ ವಾರಿಗೆಯವರು. ಮಗ, ಸೊಸೆಯ ಜತೆ ಇದ್ದರು. ಇಂಗ್ಲಿಷು ಒಂದಕ್ಷರ ಬಾರದು. ಆದರೆ ನಾನು ಕಿವಿಗೊಟ್ಟು ಕೇಳಿದರೆ ಅವರ ಮಾತಿನೊಳಗೆ ನಮ್ಮ ಮನೆಯ ಮಾತುಗಳು ಅಲ್ಲಲ್ಲಿ ತೇಲಿ ಬರುತ್ತಿದ್ದವು. ರೊಟ್ಟಿಗೆ ನಾನ್, ಆಕಾಶಕ್ಕೆ ಆಸ್ಮಾನ್, ಸುದ್ದಿಗೆ ಕಬರ್, ಬೇಗ ಅನ್ನುವುದಕ್ಕೆ ತೆಜ್. ಕಬರ್ ಕೇಳಿ ಗಿರಿಜಕ್ಕನೂ ತಿರುಗಿದರು. ಖಬರ ಅನ್ನುವುದು ಉರ್ದು ಬಾರದ ನಮ್ಮೂರ ಮಂದಿಗೂ ಗೊತ್ತಲ್ಲ. ಆ ಸಂಜೆ ಅವರಿಬ್ಬರೂ ಎದುರುಬದುರು ಕೂತು ಯಾವ ಯಾವ ಮಾತು ಕೂಡುತ್ತವೆ ಎಂದು ಹುಡುಕಿದರು. ಒಲೆಗೆ ಒಡ್ಡಿದ್ದು ಕುಳ್ಳು. ಅದರ ವಾಸನೆಗೆ ಮಾತ್ರ ತರ್ಜುಮೆ ಬೇಕಾಗಲಿಲ್ಲ.

ಊಟದ್ದೇ ತಾಪತ್ರಯ. ಗಿರಿಜಕ್ಕ ಮಾಂಸ ಮುಟ್ಟುವವರಲ್ಲ, ಅಲ್ಲಿಯವರು ಮಾಂಸ ಇಲ್ಲದ್ದನ್ನು ಊಟ ಎನ್ನುವುದಿಲ್ಲ. ಅದಕ್ಕೇ ಒಂದು ಚೀಲ ತುಂಬ ಕಟಕ ರೊಟ್ಟಿ, ಶೇಂಗಾ ಚಟ್ನಿ ತಂದಿದ್ದೆವು. ಚೀಲವನ್ನು ಡೇರೆಯ ಹೊರಗೆ ಸಾಮಾನಿನ ಮೇಲೆ ಇಟ್ಟದ್ದು ತಪ್ಪಾಯಿತು. ಬೆಳಿಗ್ಗೆ ಎದ್ದು ನೋಡಿದರೆ ಹೇರುಗುದುರೆ ಕಟಕಟ ಸಪ್ಪಳ ಮಾಡುತ್ತ ಕೊನೆಯ ರೊಟ್ಟಿ ಮುಗಿಸುತ್ತಿತ್ತು. ಚಟ್ನಿಯನ್ನು ಮೂಸಿ ಬಿಟ್ಟಿತ್ತು. ಆಮೇಲೆ ಗಿರಿಜಕ್ಕ ನಾನ್, ಕೆನೆ, ಆಲೂಗಡ್ಡೆಯ ಮೇಲೆ ದಿನ ತೆಗೆದರು. ಚಟ್ನಿಯನ್ನು ಕೆನೆಯಲ್ಲಿ ಕಲಸಿ ಗುಲ್ನಾರಾ ಆಪಾನಿಗೆ ಕೊಟ್ಟರೆ ಅವರು ಬಟ್ಟಲು ಬರಿದು ಮಾಡಿ ಇನ್ನಷ್ಟು ಕೇಳಿದರು.

ಗಾಳಿ ಒಗ್ಗಲಿ ಎಂದು ಬಕಿತ್ ನಮ್ಮನ್ನು ಆ ದಿನ ಡೇರೆಯಲ್ಲೇ ಇರಿಸಿದ. ಮಧ್ಯಾಹ್ನ ಸೊಸೆ ಹೊರಗೆ ಚರ್ಮದ ಮೇಲೆ ಉಣ್ಣೆ ಹರವಿ, ಎರಡು ತೆಳು ಕೋಲುಗಳಿಂದ ಬಡಿದು ಬಿಡಿಸತೊಡಗಿದಳು. ನನಗೆ ಕೂತಿರಲು ಆಗಲಿಲ್ಲ. ನಮ್ಮಪ್ಪ ಬಿಲ್ಲು ಮೀಟಿ ಅರಳೆ ಹಿಂಜುವಾಗ ಗಂಟು ಬಿಡಿಸಿ ಕೊಡುತ್ತಿದ್ದವಳು ನಾನೇ. ಅವಳ ಎದುರಿಗೆ ಕುಳಿತು ಕೋಲು ತೆಗೆದುಕೊಂಡೆ. ಮೊದಲು ಕೈ ತಪ್ಪಿತು, ಆಮೇಲೆ ಅವಳ ಏಟಿಗೆ ನನ್ನ ಏಟು ಹೊಂದಿತು. ಉಣ್ಣೆ ಅರಳೆಗಿಂತ ಹಟಮಾರಿ, ಎಣ್ಣೆ ಜಿಡ್ಡು, ಕುರಿಯ ನಾತ. ಆದರೆ ಬಿಡಿಸಿದ ಮೇಲೆ ಅದೇ ಹಗುರ.

ಕಲ್ಲಿನ ಜಾರು

ಮರುದಿನ ಬೆಳಕು ಹರಿಯುತ್ತಲೇ ಹೊರಟೆವು. ಮುಂದೆ ಹೇರುಗುದುರೆಯ ಹಗ್ಗ ಹಿಡಿದ ಬಕಿತ್, ಹಿಂದೆ ನಾವು. ಎರಡು ಶಿಖರದ ನಡುವೆ ತಗ್ಗಾಗಿ ಆಚೆ ದಾಟಲು ದಾರಿ ಬಿಡುವ ಜಾಗಕ್ಕೆ ನಮ್ಮ ಕಡೆ ಕಣವಿ ಅನ್ನುತ್ತೇವೆ. ಅಂಥ ಒಂದು ಕಣವಿಯ ಕೆಳಗೆ, ಬಂಡೆಗಳ ನಡುವೆ ಗುಡಾರ ಹಾಕಿ ಕಾಡಾಡಿಗೆ ಕಾಯುವುದು ಎಂದಿತ್ತು. ಕಾಡಾಡಿಗೆ ಅವರು ತೆಕೆ ಅನ್ನುತ್ತಾರೆ. ಡೇರೆ ಬಿಟ್ಟು ಸ್ವಲ್ಪದರಲ್ಲೇ ಹೊಳೆಯ ಇನ್ನೊಂದು ಕವಲು ಅಡ್ಡ ಬಂತು, ಮತ್ತೆ ಕುದುರೆ ಹತ್ತಿ ಒಬ್ಬೊಬ್ಬರಾಗಿ ದಾಟಿದೆವು. ಗಿರಿಜಕ್ಕ ಈ ಸಲವೂ ಕಣ್ಣು ಮುಚ್ಚಿದರು.

ಏರಿನಲ್ಲಿ ಅಳಿಲಿನ ಜಾತಿಯ, ಆದರೆ ಬೆಕ್ಕಿಗಿಂತ ದಪ್ಪನೆಯ ಪ್ರಾಣಿಗಳು ಬಿಲದ ಬಾಯಿಯಲ್ಲಿ ನೆಟ್ಟಗೆ ನಿಂತು ಸೀಟಿ ಹೊಡೆಯುತ್ತಿದ್ದವು. ಸೀಟಿ ಕೇಳಿದರೆ ಗುಡ್ಡದ ಎಲ್ಲ ಪ್ರಾಣಿಗೂ ನಾವು ಬಂದದ್ದು ಗೊತ್ತಾಗುತ್ತದೆ ಎಂದ ಬಕಿತ್. ಒಂದು ಕಡೆ ಬಂಡೆಯ ಬುಡದಲ್ಲಿ ಉಗುರಿನಿಂದ ಕೆರೆದ ಮಣ್ಣು ತೋರಿಸಿ, ಹಿಮಚಿರತೆ ಎಂದ. ಗಿರಿಜಕ್ಕ ಅದರ ಪಕ್ಕದಲ್ಲಿ ಮೊಣಕಾಲೂರಿ ಬಹಳ ಹೊತ್ತು ನೋಡಿದರು. ಏಳುವಾಗ ಅವರಿಗೆ ಏದುಸಿರು. ನಿಲ್ಲೋಣವೇ ಎಂದು ನಾನು ಕೇಳಿದ್ದಕ್ಕೆ ಬೇಡವೆಂದು ತಲೆಯಾಡಿಸಿ ಮುಂದೆ ನಡೆದರು.

ಸಣ್ಣ ಕಲ್ಲುಗಳ ಇಳಿಜಾರು ಅಡ್ಡ ಬಂದದ್ದು ಅದಾದ ಮೇಲೆ. ಗುಡ್ಡದ ಮೈಯೇ ಪುಡಿಯಾಗಿ ಕೆಳಗೆ ಸುರಿದಂತಿತ್ತು. ನೀವು ನಿಲ್ಲಿ, ನಾನು ಕುದುರೆ ದಾಟಿಸಿ ಬಂದು ಕರೆದೊಯ್ಯುತ್ತೇನೆ ಎಂದು ಬಕಿತ್ ಮುಂದೆ ಹೋದ. ನಡುವೆ ಹೋಗಿರಬೇಕು, ಕುದುರೆಯ ಹಿಂಗಾಲು ಜಾರಿತು. ಅದು ಒದ್ದಾಡಿದ ರಭಸಕ್ಕೆ ಹಗ್ಗ ಅವನನ್ನು ಎಳೆಯಿತು. ಕಲ್ಲು, ಕುದುರೆ, ಮನುಷ್ಯ ಒಟ್ಟಿಗೆ ಉರುಳಿದ್ದನ್ನು ನಾನು ನೋಡಿದೆ. ಕುದುರೆ ಎದ್ದು, ನಮ್ಮ ಸಾಮಾನು ಸಮೇತ, ಬಂದ ದಾರಿ ಬಿಟ್ಟು ಇನ್ನೊಂದು ಕೊಳ್ಳಕ್ಕೆ ಓಡಿತು. ಬಕಿತ್ ಏಳಲಿಲ್ಲ.

ನಾನು ಕೂತುಕೊಂಡೇ ಜಾರುತ್ತ ಅವನ ಹತ್ತಿರ ಹೋದೆ. ಹಿಂದಿನಿಂದ ಗಿರಿಜಕ್ಕನೂ ಹಾಗೆಯೇ ಬಂದರು. ಬಲಗಾಲು ಮೊಣಕಾಲಿನ ಕೆಳಗೆ ಇರಬಾರದ ಕಡೆ ತಿರುಗಿತ್ತು. ಚರ್ಮ ಹರಿದಿರಲಿಲ್ಲ, ಅದೊಂದು ಪುಣ್ಯ. ಹಿರೇವಡ್ಡಟ್ಟಿ ಕಡೆಯಿಂದ ಸುಗ್ಗಿಯಲ್ಲಿ ಟ್ರ್ಯಾಕ್ಟರ್ ಮೇಲಿಂದ ಬಿದ್ದವರನ್ನು ತರುತ್ತಾರೆ, ಅಂಥ ಕಾಲು ನಾನು ಬಹಳ ನೋಡಿದ್ದೇನೆ. ಆದರೆ ಅಲ್ಲಿ ಡಾಕ್ಟರ್ ಇರುತ್ತಾರೆ, ಎಕ್ಸ್‌ರೇ ಇರುತ್ತದೆ. ಇಲ್ಲಿ ನಮ್ಮ ಊರುಗೋಲು, ನನ್ನ ಓಢಣಿ, ಬೆನ್ನಚೀಲದಲ್ಲಿ ಒಂದಿಷ್ಟು ಗುಳಿಗೆ. ಬೂಟು ಮೆಲ್ಲಗೆ ಬಿಚ್ಚಿ ಬೆರಳು ಮುಟ್ಟಿ ನೋಡಿದೆ, ಬೆಚ್ಚಗಿದ್ದವು, ರಕ್ತ ಓಡುತ್ತಿತ್ತು. ಗಿರಿಜಕ್ಕ ಅವನ ಭುಜ ಹಿಡಿದರು, ನಾನು ಕೋಲು ಎರಡೂ ಬದಿಗಿಟ್ಟು ಓಢಣಿ ಹರಿದು ಕಟ್ಟಿದೆ. ಅವನು ಹಲ್ಲು ಕಚ್ಚಿ ತನ್ನ ಟೊಪ್ಪಿಗೆಯನ್ನು ಹಿಂಡುತ್ತಿದ್ದ.

ಫೋನಿಗೆ ಸಿಗ್ನಲ್ ಇಲ್ಲ, ವೈರ್‌ಲೆಸ್ ಕುದುರೆಯ ಮೇಲಿನ ಚೀಲದಲ್ಲಿ ಹೋಯಿತು. ಯಾರಾದರೂ ಡೇರೆಗೆ ಇಳಿಯಬೇಕು ಎಂದ ಬಕಿತ್. ಮಧ್ಯಾಹ್ನವಾದರೆ ಹಿಮ ಕರಗಿ ಹೊಳೆಯ ಕವಲು ಏರುತ್ತದೆ, ಹೋಗುವುದಾದರೆ ಈಗಲೇ ಎಂದ. ನಾನು ಎದ್ದು ನಿಂತೆ. ನಮ್ಮಿಬ್ಬರಲ್ಲಿ ಚಿಕ್ಕವಳು ನಾನು, ಕಾಲು ಗಟ್ಟಿ ಇದ್ದವಳೂ ನಾನೇ.

"ನೀ ಕುಂಡ್ರು" ಎಂದರು ಗಿರಿಜಕ್ಕ.

ನೀವು ಒಬ್ಬರೇ ಹ್ಯಾಂಗ ಹೋಗ್ತೀರಿ ಅಕ್ಕಾರ, ಹೊಳಿ ಐತಿ ಎಂದೆ.

"ಹೊಳಿ ಐತಿ, ಖರೆ. ಇಂವಗ ಚಳಿ ಹತ್ತಿದರ, ಉಸಿರು ಹೆಚ್ಚುಕಡಿಮಿ ಆದರ ನಾ ಏನ ಮಾಡ್ಲಿ? ಚಿತ್ರ ಬರದು ತೋರಿಸ್ಲೇನು? ನೀ ಇಲ್ಲಿ ಬೇಕು, ರಜಿಯಾ. ನಾ ಇಲ್ಲಿ ಬ್ಯಾಡ."

ನಾನು ಕುಳಿತೆ. ಬಕಿತ್ ಅವರಿಗೆ ದಾಟುವ ಜಾಗ ವಿವರಿಸಿದ. ಕುದುರೆ ದಾಟಿದಲ್ಲಿ ದಾಟಬೇಡಿ, ಅಲ್ಲಿ ಆಳ; ಸ್ವಲ್ಪ ಮೇಲೆ ಹೊಳೆ ಅಗಲವಾಗಿ ಹರಡಿದ ಕಡೆ ಹೋಗಿ. ಬೂಟು ಕಳೆಯಬೇಡಿ, ಸೊಂಟಪಟ್ಟಿ ಬಿಚ್ಚಿ ಬೆನ್ನಚೀಲ ಸಡಿಲ ಇಡಿ, ಮುಖ ನೀರು ಬರುವ ಕಡೆಗೆ ಇರಲಿ. ಗಿರಿಜಕ್ಕ ಎಲ್ಲವನ್ನೂ ಒಂದು ಸಲ ತಿರುಗಿ ಅವನಿಗೆ ಒಪ್ಪಿಸಿ, ಸರಿ ಇದೆಯೇ ಎಂದು ಕೇಳಿದರು. ಕಾಲಿಗೆ ನಿಮ್ಮ ಮಾತಿನಲ್ಲಿ ಏನೆನ್ನುತ್ತಾರೆ ಎಂದು ಕೇಳಿದರು. ಬುತ್ ಎಂದ. ತಮ್ಮ ಕೋಟು ಬಿಚ್ಚಿ ಅವನ ಮೇಲೆ ಹೊದಿಸಿ, ಉಳಿದೊಂದು ಕೋಲು ಹಿಡಿದು ಇಳಿಯತೊಡಗಿದರು. ತಿರುಗಿ ನೋಡಲಿಲ್ಲ. ಅವರ ಬಿಳಿ ಟೊಪ್ಪಿಗೆ ಬಂಡೆಯ ಮರೆಯಾಗುವ ತನಕ ನಾನು ನೋಡುತ್ತಲೇ ಇದ್ದೆ.

ಕಾಯುವುದು

ದವಾಖಾನೆಯಲ್ಲಿ ಕಾಯುವವರನ್ನು ನೋಡಿ ನೋಡಿ ನನಗೆ ರೂಢಿ. ನಾನೇ ಕಾಯುವುದು ಬೇರೆ. ಬಕಿತ್‌ಗೆ ಗುಳಿಗೆ ಕೊಟ್ಟೆ, ನೀರು ಗುಟುಕಿಸಿದೆ, ಗಾಳಿ ಬರುವ ಕಡೆ ಕಲ್ಲು ಪೇರಿಸಿ ಅಡ್ಡ ಮಾಡಿದೆ. ಆಗಾಗ ಕಾಲ್ಬೆರಳು ಮುಟ್ಟಿ ನೋಡುತ್ತಿದ್ದೆ. ಅವನು ನಿದ್ದೆಗೆ ಜಾರದಂತೆ ಮಾತಾಡಿಸಿದೆ. ಹರೆಯದಲ್ಲಿ ಇದೇ ಗಡಿಯಲ್ಲಿ ಸೈನಿಕನಾಗಿದ್ದನಂತೆ. ಹೆಂಡತಿ ನರಿನ್‌ನಲ್ಲಿ ಶಾಲೆಯ ಅಡುಗೆಯವಳು, ಒಬ್ಬಳೇ ಮಗಳು. ಗೈಡ್ ಆಗಿ ಇಷ್ಟು ವರ್ಷದಲ್ಲಿ ಯಾರನ್ನೂ ಹೀಗೆ ಗುಡ್ಡದಲ್ಲಿ ನಿಲ್ಲಿಸಿರಲಿಲ್ಲ ಎಂದು ಪದೇ ಪದೇ ಹೇಳಿದ. ನಾನು ಮಾತು ಬದಲಿಸಿದೆ. ನನ್ನ ಕಿವಿ ಮಾತ್ರ ಕೆಳಗೆ, ಹೊಳೆಯ ಸಪ್ಪಳದ ಮೇಲೆ. ಬಿಸಿಲು ಏರಿದಂತೆ ಸಪ್ಪಳವೂ ಏರುತ್ತಿತ್ತು.

ಎಷ್ಟು ಹೊತ್ತಾಯಿತೋ, ಬಕಿತ್ ನನ್ನ ತೋಳು ಮುಟ್ಟಿದ. ಗಲ್ಲದಿಂದ ಎದುರಿನ ಬಂಡೆ ತೋರಿಸಿದ.

ಮೊದಲು ಬಂಡೆಯೇ ಅಲುಗಿದಂತೆ ಕಂಡಿತು. ಆಮೇಲೆ ಕೊಂಬು. ಒಂದು ದೊಡ್ಡ ಹೋತ, ಹಿಂದೆ ಆಡುಗಳು, ಕಾಲಡಿಗೆ ಮರಿಗಳು. ಕಲ್ಲು ಉರುಳಿದ ಜಾಗದಲ್ಲಿ ಹೊಸದಾಗಿ ಬಯಲಾದ ಮಣ್ಣನ್ನು ನೆಕ್ಕಲು ಇಳಿದಿದ್ದವು, ಉಪ್ಪಿಗೆ ಇರಬೇಕು. ನಾವು ಕೂತಲ್ಲಿಂದ ಒಂದು ಕೂಗಿನ ದೂರ. ಹೋತ ತಲೆಯೆತ್ತಿ ನಮ್ಮನ್ನು ನೋಡಿತು. ನಾವು ಅಲುಗಲಿಲ್ಲ, ಅಲುಗುವ ಸ್ಥಿತಿಯೂ ಇರಲಿಲ್ಲ. ಅದು ಮತ್ತೆ ನೆಕ್ಕತೊಡಗಿತು. ಮರಿಯೊಂದು ಗೋಡೆಯಂಥ ಬಂಡೆಗೆ ಹಾರಿ, ಅಲ್ಲಿ ಗೊರಸು ಊರಲು ಏನೂ ಇಲ್ಲದ ಕಡೆ ನಿಂತು, ತಾಯಿಯನ್ನು ಕರೆಯಿತು. ಬಕಿತ್‌ನ ಮುಖದಲ್ಲಿ ನೋವಿನ ನಡುವೆಯೇ ನಗು.

 ಇದನ್ನು ನೋಡಬೇಕಾದವರು ಗಿರಿಜಕ್ಕ, ನಾನಲ್ಲ. ಅವರು ಎಲ್ಲಿದ್ದಾರೋ, ನೀರಿನಲ್ಲೋ, ಆಚೆ ದಂಡೆಯಲ್ಲೋ.

ಒಮ್ಮೆಲೇ ಕೆಳಗೆ ಬಿಲದ ಪ್ರಾಣಿಯೊಂದು ಸೀಟಿ ಹೊಡೆಯಿತು, ಅದರ ಮೇಲೆ ಇನ್ನೊಂದು. ಎಲ್ಲ ಕಾಡಾಡುಗಳ ತಲೆ ಒಟ್ಟಿಗೆ ಎದ್ದು ಇಳಿಜಾರಿನ ಕೆಳಗೆ ತಿರುಗಿದವು. ಹೋತ ಮೂಗಿನಿಂದ ಒಂದು ಸಪ್ಪಳ ಮಾಡಿತು. ನೋಡನೋಡುತ್ತ ಬಂಡೆ ಬರಿದಾಯಿತು. ಸ್ವಲ್ಪ ಹೊತ್ತಿನಲ್ಲಿ ಕೆಳಗಿನ ತಿರುವಿನಲ್ಲಿ ಕುದುರೆಗಳು ಕಂಡವು. ಮುಂದೆ ಗುಲ್ನಾರಾ ಆಪಾನ ಮಗ, ಅವನ ಹಿಂದೆ ಗುಲ್ನಾರಾ ಆಪಾ, ಅವರ ಸೊಂಟ ತಬ್ಬಿ ಅದೇ ಕುದುರೆಯ ಮೇಲೆ ಗಿರಿಜಕ್ಕ. ಕಣ್ಣು ತೆರೆದಿದ್ದರು.

ಮತ್ತೆ ಡೇರೆ

ನಡೆದದ್ದನ್ನು ಅವರು ಹೇಳಿದ್ದು ಆಮೇಲೆ, ಬಕಿತ್‌ನನ್ನು ಕಂಬಳಿಯಲ್ಲಿ ಕಟ್ಟಿ ಎರಡು ಕುದುರೆಗಳ ನಡುವೆ ತೂಗುಹಾಕಿ ಇಳಿಸಿ, ಚೌಕಿಯ ಸೈನಿಕರ ಜೀಪಿಗೆ ಏರಿಸಿದ ಮೇಲೆ. ಹೊಳೆಯಲ್ಲಿ ನೀರು ತೊಡೆಯ ತನಕ ಬಂದಿತ್ತಂತೆ. ನಡುವೆ ಕೋಲು ಕೈ ಬಿಟ್ಟು ಹೋಯಿತಂತೆ. ಎರಡು ಕೈ ನೀರಿಗೆ ಊರಿ ನಾಲ್ಕು ಕಾಲಿನ ಪ್ರಾಣಿಯಾಗಿ ದಾಟಿದೆ ಎಂದರು. ಡೇರೆಯ ಹತ್ತಿರ ನಾಯಿಗಳು ಅಡ್ಡಗಟ್ಟಿದಾಗ ಖಬರ, ಖಬರ ಎಂದು ಕೂಗಿದರಂತೆ. ಗುಲ್ನಾರಾ ಆಪಾ ಹೊರಗೆ ಬಂದರೆ ಬಕಿತ್, ಬುತ್, ತೆಜ್ ಎಂದು, ಒಂದು ಕಡ್ಡಿ ಹಿಡಿದು ಅವರೆದುರು ಲಟಕ್ಕೆಂದು ಮುರಿದು ತೋರಿಸಿದರಂತೆ. ಮಗ ಆ ಕ್ಷಣವೇ ಕುದುರೆಗೆ ಜೀನು ಹಾಕಿದ, ಸೊಸೆ ಇನ್ನೊಂದು ಕುದುರೆ ಹತ್ತಿ ಚೌಕಿಗೆ ಹೊರಟಳು. ನೀನು ಇಲ್ಲೇ ಇರು, ಮೈ ಒಣಗಿಸಿಕೋ ಎಂದು ಗುಲ್ನಾರಾ ಆಪಾ ಸನ್ನೆ ಮಾಡಿದರೆ ಗಿರಿಜಕ್ಕ ಕೇಳದೆ ಅವರ ಕುದುರೆಯ ಹಿಂದೆ ಹತ್ತಿದರು. ದಾರಿ ತೋರಿಸಲು ನಾನೇ ಬೇಕಿತ್ತಲ್ಲ ಎಂದರು.

ಒಣ ಬಟ್ಟೆ ಹಾಕಿಸಿ, ಒಲೆಯ ಪಕ್ಕ ಕೂರಿಸಿ, ಬಿ.ಪಿ. ಗುಳಿಗೆ ಕೊಟ್ಟೆ. ಆಮೇಲೆ ಕಾಡಾಡುಗಳ ವಿಷಯ ಹೇಳಿದೆ. ಬಚ್ಚಿಟ್ಟುಕೊಂಡು ಊರ ತನಕ ಒಯ್ಯುವುದು ನನ್ನಿಂದ ಆಗುತ್ತಿರಲಿಲ್ಲ. ಅವರು ಚಹಾದ ಬಟ್ಟಲು ಕೆಳಗಿಟ್ಟರು.

"ನಾ ಬಂದದ್ದಕ್ಕ ಹೋದುವೇನು?"

ಹೌದ್ರಿ ಅಕ್ಕ ಎಂದೆ.

ಅವರು ಮರಿ ಇದ್ದವೇ, ಕೊಂಬು ಎಲ್ಲಿಯ ತನಕ ಇತ್ತು, ಗಡ್ಡ ಯಾವ ಬಣ್ಣ ಎಂದು ಒಂದೊಂದಾಗಿ ಕೇಳಿದರು. ನಾನು ಕಂಡಷ್ಟನ್ನು ಹೇಳಿದೆ. ಕೊನೆಗೆ, "ನಾಳೆ ಮ್ಯಾಲ ಹೋಗೂನು. ಕಣವಿ ತನಕ" ಎಂದರು.

ಕಣವಿ

ಗೈಡ್ ಇಲ್ಲದೆ ಗಡಿಯ ಕಡೆ ಬಿಡುವುದಿಲ್ಲ ಎಂದು ಚೌಕಿಯ ಅಧಿಕಾರಿ ಹೇಳಿಹೋಗಿದ್ದ. ಗುಲ್ನಾರಾ ಆಪಾ ಅವನಿಗೆ ಏನು ಹೇಳಿದರೋ ತಿಳಿಯದು. ಸೊಂಟದ ಮೇಲೆ ಕೈಯಿಟ್ಟು ಹೇಳಿದರು, ಉದ್ದಕ್ಕೆ ಹೇಳಿದರು, ನಡುನಡುವೆ ಗಿರಿಜಕ್ಕನ ಕಡೆ ಬೆರಳು ಮಾಡಿದರು. ಅವನು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡು, ಆಪಾ ಜತೆಗಿದ್ದರೆ ಹೋಗಿ, ಬಿಸಿಲಿರುವಾಗಲೇ ತಿರುಗಿ ಬನ್ನಿ ಎಂದ.

ಆಪಾ ನಮ್ಮನ್ನು ಕಲ್ಲಿನ ಜಾರು ತಪ್ಪಿಸಿ, ಕುರಿಗಳು ಮಾಡಿದ ಸುತ್ತುದಾರಿಯಲ್ಲಿ ಕರೆದೊಯ್ದರು. ಕುದುರೆಗಳು ಹೋಗುವಷ್ಟು ದೂರ ಕುದುರೆಯ ಮೇಲೆ. ಗಿರಿಜಕ್ಕ ಈಗ ಒಂದೇ ಕೈಯಿಂದ ಗೂಟ ಹಿಡಿದಿದ್ದರು. ಆಮೇಲೆ ಹಿಮ, ಕಾಲ್ನಡಿಗೆ. ನಾಲ್ಕು ಹೆಜ್ಜೆ, ಒಂದು ನಿಲುಗಡೆ. ಎದೆ ಡೊಳ್ಳಿನಂತೆ ಬಡಿಯುತ್ತಿತ್ತು. ನಾನು ಅವರ ನಾಡಿ ನೋಡಿದೆ, ತುಟಿಯ ಬಣ್ಣ ನೋಡಿದೆ, ತಲೆ ಸಿಡಿಯುತ್ತಿದೆಯೇ ಎಂದು ಕೇಳಿದೆ. ತಿರುಗಬೇಕು ಅನಿಸಿದರೆ ಕಾರಣ ಹೇಳು ಎಂದರು. ಹೇಳುವಂಥ ಕಾರಣ ಸಿಗಲಿಲ್ಲ. ತಲೆಯ ಮೇಲೆ ಗಡ್ಡದ ರಣಹದ್ದೊಂದು ರೆಕ್ಕೆ ಅಲುಗಿಸದೆ ಸುತ್ತಿ, ನಮ್ಮಲ್ಲಿ ಯಾರೂ ಬೀಳುವಂತೆ ಕಾಣದ್ದರಿಂದ ಬೇರೆ ಕಡೆ ಹೋಯಿತು.

ಕಣವಿಯ ಮೇಲೆ ಗಾಳಿ ನಮ್ಮನ್ನು ಹಿಂದಕ್ಕೆ ನೂಕಿತು. ಆಚೆಗೂ ಇಂಥದೇ ಗುಡ್ಡ, ಇಂಥದೇ ಹಿಮ. ತುಕ್ಕು ಹಿಡಿದ ಒಂದು ಕಂಬ, ಹರಿದು ಬಿದ್ದ ತಂತಿ. ಅದನ್ನು ದಾಟಬೇಡಿ ಎಂದು ಆಪಾ ಕೈ ಅಡ್ಡ ಹಿಡಿದರು. ತಂತಿಯ ಬುಡದಲ್ಲಿ ಗಿರಿಜಕ್ಕ ಕುಸಿದು ಕೂತಾಗ ನಾನು ಧಾವಿಸಿ ಅವರ ನಾಡಿ ಹಿಡಿದೆ. ಅವರಿಗೆ ಏನೂ ಆಗಿರಲಿಲ್ಲ. ಹಿಮದಲ್ಲಿ ಹೆಜ್ಜೆಗಳು ಇದ್ದವು. ಸೀಳುಗೊರಸಿನ ದೊಡ್ಡ ಗುರುತು, ಪಕ್ಕದಲ್ಲಿ ಅಂಗೈಯಲ್ಲಿ ಅಡಗುವಷ್ಟು ಚಿಕ್ಕವು. ಸಾಲಾಗಿ ನಮ್ಮ ಬದಿಯಿಂದ ಏರಿ ಬಂದು, ತಂತಿ ದಾಟಿ, ಆಚೆ ಇಳಿದಿದ್ದವು. ಅಂಚು ಇನ್ನೂ ಕರಗಿರಲಿಲ್ಲ.

ಅವರು ಕೈಗವಸು ತೆಗೆದು ಒಂದು ಮರಿಯ ಹೆಜ್ಜೆಯಲ್ಲಿ ಬೆರಳಿಟ್ಟರು. ಮತ್ತೆ ದುರ್ಬೀನು ಹಿಡಿದು ಆಚೆಯ ಇಳಿಜಾರನ್ನು ಬಂಡೆ ಬಂಡೆಯಾಗಿ ನೋಡಿದರು. ಆಪಾ ಎರಡು ಸಲ ಕರೆದರು. ಮೂರನೆಯ ಸಲ ಕರೆದಾಗ ಎದ್ದರು. ಏನೂ ಕಾಣಲಿಲ್ಲ.

ನರಿನ್ ದವಾಖಾನೆ

ಹಿಂದಿರುಗುವಾಗ ಬಕಿತ್‌ನನ್ನು ನೋಡಲು ಹೋದೆವು. ಎಲ್ಲ ದೇಶದ ದವಾಖಾನೆಗೂ ಒಂದೇ ವಾಸನೆ. ಕಾಲಿಗೆ ಪ್ಲಾಸ್ಟರ್ ಹಾಕಿ ಎತ್ತರಕ್ಕೆ ಇಟ್ಟಿದ್ದರು. ಬೆರಳು ಮುಟ್ಟಿ ನೋಡಿದೆ, ಅಭ್ಯಾಸ. ಅವನ ಹೆಂಡತಿ ಎದ್ದು ನಮ್ಮಿಬ್ಬರ ಕೈ ಹಿಡಿದುಕೊಂಡು ಬಿಡಲಿಲ್ಲ. ಚಳಿಗಾಲಕ್ಕೆ ಮೊದಲು ನಡೆಯಬಹುದು ಎಂದಿದ್ದಾರಂತೆ.

ಬಕಿತ್ ಕಣ್ಣು ತಪ್ಪಿಸಿ ಮಾತಾಡಿದ. ತಾನು ಗೈಡ್ ಎಂದು, ಆಪಾ ಇಷ್ಟು ದೂರದಿಂದ ತೆಕೆ ನೋಡಲು ಬಂದರೆಂದು, ತೋರಿಸಲಾಗಲಿಲ್ಲವೆಂದು ಇಂಗ್ಲಿಷಿನಲ್ಲಿ ತಡವರಿಸಿದ.

ಗಿರಿಜಕ್ಕ ಮಂಚದ ಅಂಚಿಗೆ ಕುಳಿತರು. ಅವರ ಇಂಗ್ಲಿಷು ಚೆನ್ನಾಗಿಯೇ ಇದೆ, ಆದರೆ ಆ ಹೊತ್ತಿಗೆ ಅದು ಸಾಲಲಿಲ್ಲ ಅಂತ ಕಾಣುತ್ತದೆ. ಕನ್ನಡದಲ್ಲಿ ಶುರು ಮಾಡಿದರು.

"ತಮ್ಮಾ, ಕೇಳಿಲ್ಲೆ. ನೀ ಹೇಳಿದಲ್ಲೇ ಹೊಳಿ ದಾಟಿದೆ, ಮಾರಿ ನೀರಿನ ಕಡೀಗೇ ಇಟ್ಟಿದ್ದೆ..."

ಎಲ್ಲವನ್ನೂ ಹೇಳಿದರು. ನೀರಿನ ಥಂಡಿ, ಕೋಲು ಹೋದದ್ದು, ನಾಯಿ, ಆಪಾನ ಕುದುರೆ, ಹಿಮ, ಕಂಬ, ತಂತಿ, ಆಚೆ ಇಳಿದ ಹೆಜ್ಜೆ. ಎರಡು ಕೈ ಊರಿ ಹೊಳೆ ದಾಟಿದ್ದು ತೋರಿಸಿದರು, ಕೈಯಿಂದ ಕೊಂಬು ತಿರುವಿದರು, ಎರಡು ಬೆರಳು ಹಾಸಿಗೆಯ ಮೇಲೆ ಊರಿ ಮರಿಯ ಗೊರಸು ತೋರಿಸಿದರು. ಅವನು ಅವರ ಮುಖದಿಂದ ಕಣ್ಣು ತೆಗೆಯಲಿಲ್ಲ. 

ಅವರು ನಿಲ್ಲಿಸಿದಾಗ ಅವನ ಹೆಂಡತಿ, ಏನು ಹೇಳಿದರು ಎಂದು ಕೇಳಿರಬೇಕು. ಬಕಿತ್ ದಿಂಬಿಗೆ ಒರಗಿ ಕುಳಿತು, ತನ್ನ ಮಾತಿನಲ್ಲಿ ಅವಳಿಗೆ ಹೇಳತೊಡಗಿದ. ಎರಡು ಕೈ ಊರಿ ಹೊಳೆ ದಾಟಿದ. ಕುದುರೆ ಹತ್ತಿದ. ತಂತಿಯ ಹತ್ತಿರ ಬಂದಾಗ ದನಿ ಇಳಿಸಿ, ಹಾಸಿಗೆಯ ಮೇಲೆ ಎರಡು ಬೆರಳು ಊರುತ್ತ, ಆಚೆ ಅಂಚಿನ ತನಕ ಒಂದೊಂದೇ ಹೆಜ್ಜೆ ಇಟ್ಟ.

ಗಿರಿಜಕ್ಕ ತಲೆಯಾಡಿಸುತ್ತ ಕೇಳಿದರು, ಎಲ್ಲಿಯೂ ತಿದ್ದಲಿಲ್ಲ.